ಹದಿನಾಲ್ಕನೇ ಕಲಮು

ನಗುವಿನಿಂದಲೇ ಗುರುತು ಹತ್ತಿತು. ಬರೀ ಮುಖ ನೋಡಿದ್ದರೆ ಬಹುಶಃ ಗೊತ್ತಾಗುತ್ತಿರಲಿಲ್ಲ. ಐದು ವರ್ಷದಲ್ಲಿ ಆ ಮುಖ ಜೋತುಬಿದ್ದಿತ್ತು, ಹಣೆ ನೆತ್ತಿಯವರೆಗೆ ಏರಿತ್ತು, ಕಣ್ಣಿಗೆ ಪೊರೆ ತೆಗೆಸಿಕೊಂಡವರು ಹಾಕುವ ಕಪ್ಪು ಕನ್ನಡಕ ಬಂದಿತ್ತು. ಆದರೆ ನಗು ಅದೇ. ಎದುರಿನವರು ಮಾತು ಮುಗಿಸುವ ಮೊದಲೇ ಶುರುವಾಗಿ, ಅವರು ಕೇಳಬೇಕೆಂದಿದ್ದನ್ನು ಅವರ ಬಾಯಲ್ಲೇ ಉಳಿಸಿ, ‘ಅದೆಲ್ಲಾ ನನಗೆ ಬಿಡಿ’ ಎಂಬಲ್ಲಿಗೆ ಬಂದು ನಿಲ್ಲುವ ನಗು. ಗ್ರಂಥಾಲಯದ ನೆಲಮಾಳಿಗೆಯ ಹಾಲಿನಲ್ಲಿ ಟೋಕನ್ ಹಿಡಿದು ಕೂತ ಇಪ್ಪತ್ತು ಮುದುಕ ಮುದುಕಿಯರ ನಡುವಿನಿಂದ ಅದು ಎದ್ದು ಬಂದಾಗ, ಮೂರನೇ ಮೇಜಿನ ಹಿಂದೆ ಕೂತಿದ್ದ ಪ್ರೂಫ್‌ರೀಡರ್ ಬೇರೆ ಯಾರದೋ ಅರ್ಜಿಯಲ್ಲಿ ಹುಟ್ಟಿದ ತಾರೀಕು ಬರೆಯುತ್ತಿದ್ದ. ತಾರೀಕನ್ನು ಪೂರ್ತಿ ಬರೆದು, ಮಸಿ ಆರಲೆಂದು ಊದಿ, ಆಮೇಲೆ ತಲೆಯೆತ್ತಿದ. ಸಿಕ್ಕಿದೆಯಲ್ಲೋ ಮಗನೇ, ಎಂದುಕೊಂಡ. ಎಷ್ಟೋ ದಿನಗಳ ಮೇಲೆ ಅವನಿಗೆ ಹಸಿವಾದಂತಾಯಿತು.

ಈ ಊರಿಗೆ ನಿವೃತ್ತರಾಗಿ ಬರುವ ಹೊರದೇಶದವರಿಗೆಲ್ಲ ಈ ಹಾಲ್ ತಪ್ಪಿದ್ದಲ್ಲ. ಬಂದ ತೊಂಬತ್ತು ದಿನದೊಳಗೆ ವಾಸದ ಅರ್ಜಿ ತುಂಬಿ ಅಲ್ಲಿಯ ಗಾಜಿನ ಕೌಂಟರಿಗೆ ಕೊಡಬೇಕು. ಅರ್ಜಿ ಇರುವುದು ಈ ದೇಶದ ಭಾಷೆಯಲ್ಲಿ. ಆದ್ದರಿಂದ ಮಂಗಳವಾರ, ಶುಕ್ರವಾರ ಮೊದಲೇ ಬಂದು ನೆಲೆಸಿದವರು ಕೆಲವರು ಪುಕ್ಕಟೆಯಾಗಿ ಕೂತು ತಮ್ಮ ತಮ್ಮ ಕಡೆಯವರಿಗೆ ತುಂಬಿಕೊಡುತ್ತಾರೆ. ಕನ್ನಡದವರಿಗೆ ಪಕ್ಕದ ಮೇಜಿನಲ್ಲಿ ಒಬ್ಬಳು ನಿವೃತ್ತ ನರ್ಸು, ಈಚೆ ಮೇಜಿನಲ್ಲಿ ಇವನು. ಗೋಡೆಯ ಮೇಲೆ ಆರು ಭಾಷೆಗಳಲ್ಲಿ ಒಂದು ಬೋರ್ಡು: ‘ನೀವು ಹೇಳಿದ್ದನ್ನು ಬರೆಯುತ್ತೇವೆ. ಸಲಹೆ ಕೊಡುವುದಿಲ್ಲ.’ ಯಾರಿಗೋ ತಪ್ಪು ಸಲಹೆ ಕೊಟ್ಟು ರಂಪವಾದ ಮೇಲೆ ಹಾಕಿದ್ದು. ನರ್ಸಮ್ಮ ಆ ಬೋರ್ಡಿಗೆ ಬೆನ್ನು ಹಾಕಿ ಕೂತು ದಿನವಿಡೀ ಸಲಹೆ ಕೊಡುತ್ತಿದ್ದಳು. ಇವನೂ ಕೊಡುತ್ತಿದ್ದ, ಮುಖ್ಯವಾಗಿ ಹದಿನಾಲ್ಕನೇ ಕಲಮಿನ ಹತ್ತಿರ ಬಂದಾಗ. ‘ಸಾರ್ವಜನಿಕ ಆರೋಗ್ಯ ಯೋಜನೆಗೆ ಸೇರುವಿರಾ, ಅಥವಾ ಖಾಸಗಿ ವಿಮೆ ಇರುವುದರಿಂದ ಬೇಡವೇ?’ ಎರಡು ಚೌಕ. ಎರಡನೆಯದರಲ್ಲಿ ಗುರುತು ಹಾಕಿದರೆ ಮೂರು ವರ್ಷ ಮತ್ತೆ ಸೇರುವ ಹಾಗಿಲ್ಲ. ಅದನ್ನು ಕಾಗದದ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಕಿದ್ದಾರೆ. ಇವನು ಪ್ರತಿಯೊಬ್ಬರಿಗೂ ಕಾಗದ ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ಎಷ್ಟೋ ಜನ ಅವನ ಕೈ ಹಿಡಿದು ಕಣ್ಣು ತುಂಬಿಕೊಂಡಿದ್ದರು. ಆಗೆಲ್ಲ ಅವನಿಗೆ ಒಳಗೊಳಗೇ ಕಸಿವಿಸಿ, ಪರರ ಆಸ್ತಿ ತಿಂದವನ ಹಾಗೆ.

ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಪ್ರೂಫು ತಿದ್ದಿದವನು ಅವನು. ಅಲ್ಲಿ ಅವನನ್ನು ಎಲ್ಲರೂ ‘ಕಾಗುಣಿತ’ ಎಂದೇ ಕರೆಯುತ್ತಿದ್ದರು, ಎದುರಿಗೇ. ಹೆಂಡತಿಯೂ ಅದೇ ಅಚ್ಚುಕೂಟದವಳು, ಕಾಪಿ ಓದುವವಳು. ಅವಳು ಮೂಲ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇವನು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಏರಿಳಿತವಿಲ್ಲದ ಒಂದೇ ರಾಗ: ‘ಆದ್ದರಿಂದ ಅಲ್ಪವಿರಾಮ ಸದರಿ ಆಸ್ತಿಯು ಪೂರ್ಣವಿರಾಮ.’ ಕಾದಂಬರಿಯಲ್ಲಿ ನಾಯಕಿ ಸತ್ತರೂ ಅದೇ ರಾಗ, ರೈಲಿನ ವೇಳಾಪಟ್ಟಿಗೂ ಅದೇ. ಅರ್ಥದ ಹಿಂದೆ ಹೋದರೆ ಅಕ್ಷರ ಕೈಬಿಡುತ್ತದೆ ಎಂಬುದು ಅಲ್ಲಿಯ ಹಿರಿಯ ಮೇಸ್ತ್ರಿ ಹೇಳಿಕೊಟ್ಟಿದ್ದ ಮೊದಲ ಪಾಠ. ಅವರಿಬ್ಬರೂ ಹಾಗೆ ಲಕ್ಷಗಟ್ಟಲೆ ಪುಟ ಓದಿದ್ದರು; ಅದರಲ್ಲಿ ಏನಿತ್ತೆಂದು ಕೇಳಿದರೆ ಇಬ್ಬರಿಗೂ ಗೊತ್ತಿರಲಿಲ್ಲ. ಅದೇ ಅವರ ಮನೆಯ ನಗೆಚಾಟಿಕೆಯಾಗಿತ್ತು. ಅವಳ ಉಬ್ಬಸಕ್ಕೆ ಒಣಹವೆ ಒಳ್ಳೆಯದೆಂದು ಡಾಕ್ಟರು ಬರೆದುಕೊಟ್ಟ ಮೇಲೆ, ಇದ್ದದ್ದನ್ನೆಲ್ಲ ಮಾರಿ ಈ ಊರಿಗೆ ಬರುವುದೆಂದು ನಿಶ್ಚಯವಾದಾಗ, ಇದೇ ನಗುವಿನ ವಿಮೆ ಏಜೆಂಟ್ ಮನೆಗೆ ಬಂದು ನಿವೃತ್ತರ ವಿದೇಶ ವಾಸದ ಪಾಲಿಸಿ ಮಾಡಿಸಿದ್ದ. ಮೂವತ್ತೊಂದು ಪುಟ. ಏಜೆಂಟ್ ಮೊದಲು ಕೊಟ್ಟಿದ್ದ ಮಾದರಿ ಪ್ರತಿ ಅವಳ ಕೈಯಲ್ಲಿ, ಆಮೇಲೆ ಬಂದ ಪಾಲಿಸಿ ಇವನ ಕೈಯಲ್ಲಿ. ಒಂದು ಭಾನುವಾರ ಪೂರ್ತಿ ಕೂತು, ರಾಗವಾಗಿ ಓದಿ, ಒಂದು ಪುಟಸಂಖ್ಯೆ ಬಿಟ್ಟುಹೋದದ್ದನ್ನೂ ಮನೆ ನಂಬರು ತಿರುಗುಮುರುಗಾದದ್ದನ್ನೂ ಹಿಡಿದು, ಕೆಂಪು ಶಾಯಿಯಲ್ಲಿ ಗುರುತಿಸಿ ಕಳಿಸಿದ್ದರು. ಇಬ್ಬರೂ ಓದಿದೆವು, ಇಬ್ಬರಿಗೂ ಹಳೇ ಕಾಯಿಲೆಗೆ ಹಣವಿಲ್ಲವೆಂಬ ಆ ಷರತ್ತು ಕಾಣಲಿಲ್ಲ. ಹೀಗೆಂದೇ ಅವನು ನರ್ಸಮ್ಮನಿಗೂ ಹೇಳಿದ್ದ, ಊರಿನಿಂದ ಫೋನು ಮಾಡಿದ ನಾದಿನಿಗೂ ಹೇಳಿದ್ದ.

‘ನಲವತ್ತೊಂದು’ ಎಂದು ಕೂಗಿದ. ಏಜೆಂಟ್ ಎದ್ದ. ಅವನ ತೋಳು ಹಿಡಿದುಕೊಂಡು ಒಬ್ಬ ಸಣಕಲು ಹೆಂಗಸು, ಹೆಂಡತಿಯೇ ಇರಬೇಕು, ಬಟ್ಟೆಯ ಚೀಲವನ್ನು ಎದೆಗೆ ಒತ್ತಿಕೊಂಡು ಬಂದಳು. ಅವಳ ಪಾದಗಳು ಚಪ್ಪಲಿಯ ಪಟ್ಟಿಯಿಂದ ಹೊರಗೆ ಉಬ್ಬಿದ್ದವು. ಪ್ರೂಫ್‌ರೀಡರ್ ಅದನ್ನು ನೋಡಿದ, ನೋಡಿದ್ದನ್ನು ಬಿಟ್ಟ.

“ನಮಸ್ಕಾರ ಸಾರ್! ಅಬ್ಬಾ, ನಮ್ಮ ಭಾಷೆ ಮಾತಾಡೋರು ಸಿಕ್ರಲ್ಲಾ! ನಿನ್ನೆಯಿಂದ ಕೈ ಬಾಯಿ ಸನ್ನೆಯಲ್ಲೇ ಬದುಕ್ತಾ ಇದೀನಿ, ಕೋತಿ ಆಗೋಗಿದೀನಿ” ಎಂದ ಏಜೆಂಟ್, ಕುರ್ಚಿ ಎಳೆದುಕೊಳ್ಳುತ್ತ. ಮತ್ತೆ ಅದೇ ನಗು. ಆಮೇಲೆ ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ತಂದು, “ನಿಮ್ಮನ್ನ ಎಲ್ಲೋ ನೋಡ್ದಂಗಿದೆ?” ಎಂದ.

“ನನ್ನಂಥ ಮುಖ ಎಲ್ಲಾ ಕಡೆ ಇರತ್ತೆ” ಎಂದ ಪ್ರೂಫ್‌ರೀಡರ್. ಗಡ್ಡ ಬಿಟ್ಟಿದ್ದು ಹೆಂಡತಿ ಹೋದ ಮೇಲೆ. ಅದು ಒಂದು ದಿನ ಕೆಲಸಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ಎಷ್ಟು ಸಲ ಈ ಮುಖದ ಎದುರು ಕೂತಿದ್ದನೋ ಮನಸ್ಸಿನಲ್ಲಿ. ಒಮ್ಮೊಮ್ಮೆ ಕಾಲರ್ ಹಿಡಿಯುತ್ತಿದ್ದ. ಒಮ್ಮೊಮ್ಮೆ ಕಂಪನಿಯ ಪತ್ರವನ್ನು ಒಂದೊಂದೇ ಅಕ್ಷರವಾಗಿ ಓದಿ ಕೇಳಿಸುತ್ತಿದ್ದ: ‘ಹಿಂದಿನ ಎರಡು ವರ್ಷಗಳಲ್ಲಿ ವೈದ್ಯರ ಸಲಹೆ ಪಡೆದ ತೊಂದರೆಗೆ ಸಂಬಂಧಿಸಿದ್ದಾದ್ದರಿಂದ ನಿಮ್ಮ ಕೋರಿಕೆಯನ್ನು ಪರಿಗಣಿಸಲಾಗದು.’ ತನ್ನವಳ ಹೃದಯದ ಕವಾಟ ಸೋರುತ್ತಿತ್ತು, ಏದುಸಿರು ಅದರಿಂದ. ಕಂಪನಿಗೆ ಏದುಸಿರೆಂದರೆ ಉಬ್ಬಸ, ಉಬ್ಬಸವೆಂದರೆ ಹಳೇ ಕಾಯಿಲೆ, ಅದಕ್ಕೆ ಸಾಕ್ಷಿ ಒಣಹವೆಗೆ ಹೋಗಿ ಎಂದು ಡಾಕ್ಟರು ಕೊಟ್ಟ ಆ ಚೀಟಿಯೇ. ಹೋಗಲಿ, ಸರ್ಕಾರದ ಯೋಜನೆಯಾದರೂ ಇದ್ದಿದ್ದರೆ! ಇದೇ ಹಾಲಿನಲ್ಲಿ, ಇದೇ ಹದಿನಾಲ್ಕನೇ ಕಲಮಿನ ಎದುರು ನಿಂತು ಅವನು ಏಜೆಂಟನಿಗೆ ಫೋನು ಮಾಡಿದ್ದ. ‘ಬೇಡ ಅಂತ ಹಾಕಿ ಸಾರ್. ಸರ್ಕಾರಿ ಕ್ಯೂನಲ್ಲಿ ನಿಂತು ಸಾಯ್ತೀರಾ? ಅದೆಲ್ಲಾ ನನಗೆ ಬಿಡಿ.’ ಬಿಟ್ಟ. ಕೊನೆಗೆ ಒಂದು ಧರ್ಮಾಸ್ಪತ್ರೆಯವರು ಆಪರೇಷನ್ನಿಗೆ ಹನ್ನೊಂದು ವಾರದ ಮೇಲಿನ ತಾರೀಕು ಕೊಟ್ಟರು. ಏಳನೇ ವಾರ, ಮಂಚದ ತುದಿಯಲ್ಲಿ ಕೂತು ಕಾಲುಚೀಲ ಹಾಕಿಕೊಳ್ಳುತ್ತಿದ್ದವಳು ಒಂದನ್ನು ಹಾಕಿಕೊಂಡು ಇನ್ನೊಂದನ್ನು ಹಾಕಿಕೊಳ್ಳಲಿಲ್ಲ. ಏಜೆಂಟನ ಫೋನು ಆಗಲೇ ಚಾಲ್ತಿಯಲ್ಲಿರಲಿಲ್ಲ. ಮೂರು ವರ್ಷ ತುಂಬಿದ ಮೇಲೆ ಸಾರ್ವಜನಿಕ ಯೋಜನೆಯ ಹಸಿರು ಕಾರ್ಡು ಅಂಚೆಯಲ್ಲಿ ಬಂತು, ಇವನೊಬ್ಬನ ಹೆಸರಿಗೆ.

ಅರ್ಜಿ ತುಂಬತೊಡಗಿದ. ವಿಳಾಸ, ಹಿಂದಿನ ಉದ್ಯೋಗ. “ವಿಮೆ ಸಾರ್, ಇಪ್ಪತ್ತೆಂಟು ವರ್ಷ. ನಮ್ಮ ಬ್ರಾಂಚಿಗೇ ನಾನು ನಂಬರ್ ಒನ್” ಎಂದ ಏಜೆಂಟ್. “ರಿಟೈರಾದ ಮೇಲೆ ಅದೇ ಪಾಲಿಸಿ ನಾನೂ ತಗೊಂಡೆ. ಮಾರಿದ ಸರಕು ಮನೇಲೂ ಬಳಸಬೇಕಲ್ವಾ?” ಪ್ರೂಫ್‌ರೀಡರ್ ಬರೆಯುವುದನ್ನು ನಿಲ್ಲಿಸಿದ. ಅದೇ ಪಾಲಿಸಿಯೆ? ತಾನು ತೋಡಿದ ಗುಂಡಿಗೆ ತಾನೇ ಚಾಪೆ ಹಾಸಿಕೊಂಡು ಮಲಗಿದ್ದಾನೆ ಪುಣ್ಯಾತ್ಮ! ಅವನಿಗೆ ನಗು ಬಂದು ಕೆಮ್ಮಿದ. ಹೆಂಗಸು ಚೀಲದಿಂದ ಪಾಲಿಸಿ ತೆಗೆದಳು. ಅದರ ಜೊತೆ ಮಾತ್ರೆಯ ಪಟ್ಟಿಗಳೂ ಬಂದವು, ಅವನ್ನು ಸರಕ್ಕನೆ ಒಳಗೆ ತುರುಕಿದಳು, ಒಳಬಟ್ಟೆ ಕಂಡಿತೋ ಎಂಬ ಹಾಗೆ. ಸಕ್ಕರೆ ಕಾಯಿಲೆಯ ಮಾತ್ರೆ ಅವನಿಗೆ ಗೊತ್ತಿತ್ತು. ಇನ್ನೊಂದು, ಕಿತ್ತಳೆ ಬಣ್ಣದ್ದು, ಮೂತ್ರಪಿಂಡ ಕೆಟ್ಟವರಿಗೆ ಕೊಡುವುದೆಂದು ನರ್ಸಮ್ಮ ಒಮ್ಮೆ ಯಾರಿಗೋ ಹೇಳಿದ್ದು ನೆನಪಿತ್ತು.

“ಹದಿನಾಲ್ಕು” ಎಂದು ಅವನು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ದನಿ ತನಗೇ ಅಪರಿಚಿತವಾಗಿ, ಅಚ್ಚುಕೂಟದ ಆ ಹಳೇ ರಾಗಕ್ಕೆ ಇಳಿದಿತ್ತು. ಕಾಗದ ತಿರುವಲಿಲ್ಲ.

“ಬೇಡ ಅಂತ ಹಾಕಿ ಸಾರ್! ಖಾಸಗಿ ಇದೆಯಲ್ಲ. ಸರ್ಕಾರಿ ಕ್ಯೂನಲ್ಲಿ ನಿಂತು ಸಾಯೋರು ಯಾರು?”

ಹೆಂಗಸು ಪಾಲಿಸಿಯ ಹಾಳೆಗಳನ್ನು ಮಗುಚುತ್ತಿದ್ದಳು. “ರೀ, ಇಲ್ಲಿ ಏನೋ ಹಾಕಿದಾರೆ ನೋಡಿ. ಹಿಂದಿನ ಎರಡು ವರ್ಷಗಳಲ್ಲಿ ವೈದ್ಯರ ಸಲಹೆ ಪಡೆದ...”

“ಏ, ಅವೆಲ್ಲಾ ಇರತ್ತೆ ಕಣೇ, ಎಲ್ಲಾ ಪಾಲಿಸಿಲೂ ಇರತ್ತೆ. ಕಲ್ಯಾಣವಾಗಲಿ ಅಂತ ಮದುವೆ ಕಾಗದದಲ್ಲಿ ಹಾಕಲ್ವಾ, ಹಂಗೆ. ಸುಮ್ನಿರು.”

“ಅಲ್ಲಾ, ಸರ್ಕಾರದ್ದೂ ಒಂದು ಇರ್ಲಿ ಅಂದ್ರೆ ಏನು ಕಷ್ಟ?” ಎಂದು ಅವಳು ಪ್ರೂಫ್‌ರೀಡರ್ ಕಡೆ ತಿರುಗಿದಳು. “ನೀವೇ ಹೇಳಿ ಅಣ್ಣಾ, ಇಲ್ಲೇ ಇರೋರು ನೀವು. ಯಾವುದು ಸರಿ?”

ಅಣ್ಣಾ ಎಂದದ್ದು ಅವನಿಗೆ ಬೇಕಿರಲಿಲ್ಲ. ಅವನು ಅವಳ ಮುಖ ನೋಡದೆ ಪೆನ್ನಿನಿಂದ ಗೋಡೆ ತೋರಿಸಿದ. “ಅಲ್ಲಿ ಬರೆದಿದೆ ನೋಡಿ ತಾಯಿ. ನೀವು ಹೇಳಿದ್ದನ್ನ ಬರೆಯೋದಷ್ಟೇ ನಮ್ಮ ಕೆಲಸ.” ಎರಡನೇ ಚೌಕದಲ್ಲಿ ಗುರುತು ಹಾಕಿದ. ಅಂದವಾದ, ಒಂದೇ ಎಳೆತದ ಗುರುತು. ಏಜೆಂಟ್ ಸಹಿ ಮಾಡಿದ, ಅವಳೂ ಮಾಡಿದಳು, ಮೆಲ್ಲಗೆ, ಶಾಲೆಯ ಹುಡುಗಿಯ ಹಾಗೆ ನಾಲಿಗೆ ಕಚ್ಚಿಕೊಂಡು. ಇಬ್ಬರೂ ಎದ್ದು ಗಾಜಿನ ಕೌಂಟರಿನ ಸಾಲಿಗೆ ಹೋದರು. ಅವರ ಮುಂದೆ ಐದು ಜನ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆಹಾ! ಒಂದು ಸುಳ್ಳಿಲ್ಲ, ಒಂದು ಕೆಟ್ಟ ಮಾತಿಲ್ಲ, ಅವನು ಹೇಳಿದ್ದನ್ನೇ ಬರೆದದ್ದು. ನಾಳೆ ಬ್ರಹ್ಮನೇ ಬಂದು ಕೇಳಿದರೂ ಬೋರ್ಡು ತೋರಿಸಬಹುದು. ಉಪ್ಪು ತಿಂದವನು ನೀರು ಕುಡಿಯಲಿ. ಕುಡಿಯಲಿ, ಗುಟುಕು ಗುಟುಕಾಗಿ ಕುಡಿಯಲಿ. ಆಸ್ಪತ್ರೆಯ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡಾಡಲಿ, ‘ನಿಮ್ಮ ಕೋರಿಕೆಯನ್ನು’ ಎಂಬ ಪತ್ರ ಅವನಿಗೂ ಬರಲಿ, ಅವನು ಫೋನು ಮಾಡಿದಾಗ ಆ ಕಡೆ ಯಾರೋ ನಗಲಿ. ಪ್ರೂಫ್‌ರೀಡರ್‌ನ ಎದೆಯಲ್ಲಿ ಬೆಚ್ಚಗೆ ಏನೋ ಹರಡಿತು. ಬಹಳ ದಿನದ ಮೇಲೆ ಸ್ನಾನ ಮಾಡಿದ ಸುಖ. ಮುಂದಿನ ಟೋಕನ್ನು ಕೂಗದೆ ಆ ಸುಖವನ್ನು ಹಿಡಿದು ಕೂತ. ಆದರೆ ಕಣ್ಣು ಮಾತ್ರ ಸಾಲಿನಲ್ಲಿ ನಿಂತ ಆ ಪಾದಗಳಿಗೆ ಹೋಗಿ ಹೋಗಿ ನಿಲ್ಲುತ್ತಿತ್ತು. ಅವಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು. ಆಸ್ಪತ್ರೆಗೆ ಹೋಗುವವಳು ಅವಳು, ಏಜೆಂಟನಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ಹೆಂಡತಿ ಗೇಲಿ ಮಾಡುತ್ತಿದ್ದಳು, ಮೇಸ್ತ್ರಿ ಬೈದ ದಿನ ಇವನು ಮನೆಯ ಪಾತ್ರೆ ಕುಕ್ಕಿದಾಗ. ಇರಲಿ. ನನ್ನವಳೇನು ಪಾಪ ಮಾಡಿದ್ದಳು? ಹೆಂಡತಿಯನ್ನು ಕಳೆದುಕೊಳ್ಳುವುದೆಂದರೆ ಏನೆಂದು ಅವನಿಗೆ ಗೊತ್ತಾಗಬೇಕಾದರೆ ಅವನ ಹೆಂಡತಿಯೇ ಹೋಗಬೇಕು. ಈ ಮಾತು ತಲೆಯೊಳಗೆ ಇಡಿಯಾಗಿ, ಸ್ಪಷ್ಟವಾಗಿ ಬಂದು ನಿಂತಾಗ ಅವನಿಗೆ ಹೆದರಿಕೆಯಾಯಿತು. ಆದರೂ ಏಳಲಿಲ್ಲ.

ತಾನಾಗಿ ಬಂದವಳು ಅವಳು. ಗಂಡನನ್ನು ಸಾಲಿನಲ್ಲಿ ಬಿಟ್ಟು, ಪಾಲಿಸಿ ಹಿಡಿದುಕೊಂಡು, ಕುರ್ಚಿಯ ಬೆನ್ನಿಗೆ ಆನಿಕೊಂಡು ನಿಂತಳು. “ಬೇಜಾರು ಮಾಡ್ಕೋಬೇಡಿ ಅಣ್ಣಾ. ನನಗೆ ಸಮಾಧಾನ ಇಲ್ಲ. ಸಲಹೆ ಬೇಡ. ಈ ಸಾಲಿನ ಅರ್ಥ ಅಷ್ಟೇ ಹೇಳಿ.” ಹತ್ತೊಂಬತ್ತನೇ ಪುಟ. ಬೆರಳಿಟ್ಟಿದ್ದಳು. ಅವನಿಗೆ ಆ ಸಾಲು ಓದಬೇಕಾಗಿಯೇ ಇರಲಿಲ್ಲ. ಯಾರೋ ಒಳಗಿನಿಂದ ತಳ್ಳಿದಂತೆ ಹೇಳಿಬಿಟ್ಟ: ನಿಮ್ಮ ಸಕ್ಕರೆಗೂ, ಕಿಡ್ನಿಗೂ, ಅವುಗಳಿಂದ ಏನೇ ಆದರೂ ಅದಕ್ಕೂ ಈ ಪಾಲಿಸಿ ಏನೂ ಕೊಡುವುದಿಲ್ಲ. ಈಗ ಬೇಡ ಅಂತ ಹಾಕಿದರೆ ಮೂರು ವರ್ಷ ಸರ್ಕಾರವೂ ಕೊಡುವುದಿಲ್ಲ.

ಅವಳು ಅಳಲಿಲ್ಲ, ಗಾಬರಿಯೂ ಆಗಲಿಲ್ಲ. ಅವನನ್ನೇ ನೋಡಿದಳು. “ಇದು ಬರೆಯೋವಾಗ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.” ಅವನ ದನಿ ಏರಿತು. “ನಿಮ್ಮ ಯಜಮಾನರಿಗೂ ಗೊತ್ತಿತ್ತು ತಾಯಿ, ಇದೇ ಪಾಲಿಸಿ ನನ್ನ ಹೆಂಡತಿಗೆ ಮಾರೋವಾಗ. ಈಗ ಅವಳಿಲ್ಲ.”

ಅವಳು ಕೌಂಟರಿನ ಕಡೆ ತಿರುಗಿ ಗಂಡನನ್ನು ನೋಡಿದಳು. ಅವನು ಮುಂದೆ ನಿಂತವನಿಗೆ ಕೈ ಸನ್ನೆಯಲ್ಲೇ ಏನೋ ತಮಾಷೆ ಹೇಳುತ್ತಿದ್ದ. “ಅವರಿಗೆ ಗೊತ್ತಿರ್ಲಿಲ್ಲ ಅಣ್ಣಾ” ಎಂದಳು. “ಇಪ್ಪತ್ತೆಂಟು ವರ್ಷ ಮಾರಿದ್ರು. ಒಂದು ದಿನ ಬಿಚ್ಚಿ ಓದಿದ್ದು ನಾನು ಕಾಣೆ. ಮೀಟಿಂಗಲ್ಲಿ ಹೇಳಿಕೊಟ್ಟಿದ್ದನ್ನ ಗಿಣಿ ಥರ ಒಪ್ಪಿಸೋರು. ಗೊತ್ತಿದ್ದಿದ್ರೆ ನನಗೆ ಇದನ್ನೇ ಕೊಡಿಸ್ತಿದ್ರಾ?” ಚೀಲವನ್ನು ಎದೆಗೆ ಎಳೆದುಕೊಂಡಳು. “ಅವರದು ತಪ್ಪೇ. ಇಲ್ಲ ಅನ್ನಲ್ಲ. ಆದ್ರೆ ಗೊತ್ತಿದ್ದೋರು ನೀವು. ನಾನು ಕೇಳಿದೆ, ನೀವು ಹೇಳ್ಲಿಲ್ಲ.”

ಅವನ ಕೈಯಿಂದ ಪೆನ್ನು ಉರುಳಿ ನೆಲಕ್ಕೆ ಬಿತ್ತು. ಪಾಲಿಸಿ ಓದಿದ ಆ ಭಾನುವಾರ, ಮಧ್ಯಾಹ್ನದ ಬಿಸಿಲು ಅಡುಗೆಮನೆಯ ಬಾಗಿಲವರೆಗೆ ಬಂದಿತ್ತು, ಹೆಂಡತಿ ಕಾಲು ಚಾಚಿ ಗೋಡೆಗೆ ಒರಗಿ ಓದುತ್ತಿದ್ದಳು, ‘ಪಡೆದ ಯಾವುದೇ ತೊಂದರೆ ಅಲ್ಪವಿರಾಮ’ ಎಂದವಳು ನಿಂತುಬಿಟ್ಟಳು. ಮೂವತ್ತು ವರ್ಷದಲ್ಲಿ ಓದುತ್ತ ಓದುತ್ತ ಅವಳು ತಾನಾಗಿ ನಿಂತದ್ದು ಅದೊಂದೇ ಸಲ. ‘ರೀ, ಅಂದ್ರೆ ನನ್ನ ಉಬ್ಬಸಾನೂ ಇದರಲ್ಲಿ ಸೇರತ್ತಾ?’ ಅವನ ಪೆನ್ಸಿಲ್ಲು ಸಾಲಿನ ಮೇಲಿತ್ತು, ಜಾಗ ತಪ್ಪುತ್ತದೆಂಬ ಸಿಟ್ಟು. ತಲೆಯೆತ್ತದೆ ಹೇಳಿದ್ದ: ‘ಅರ್ಥ ಆಮೇಲೆ ನೋಡೋಣ. ಮುಂದಕ್ಕೆ ಓದು.’ ಅವಳು ಓದಿದಳು. ಅದೇ ರಾಗ. ಆಮೇಲೆ ಎಂಬುದು ಬರಲಿಲ್ಲ. ತಪ್ಪು ಹಿಡಿದ ಹುಮ್ಮಸ್ಸಿನಲ್ಲಿ ಸಂಜೆ ಇಬ್ಬರೂ ವಾಯುವಿಹಾರಕ್ಕೆ ಹೋದರು. ಕಂಪನಿಯ ಪತ್ರ ಬಂದ ದಿನ ಅವನೇ ಅದನ್ನು ಓದಿ ಹೇಳಿದ. ಅವಳು ಕೇಳಿಸಿಕೊಂಡಳು, ‘ಹೋಗ್ಲಿ ಬಿಡಿ’ ಎಂದಳು. ನಾನು ಆವತ್ತೇ ಕೇಳಿದ್ದೆನಲ್ಲ ಎಂದು ಅವಳು ಹೇಳಬಹುದಿತ್ತು. ಏಳು ವಾರ, ಎದೆಗೆ ದಿಂಬು ಒತ್ತಿಕೊಂಡು ಕೂತ ಒಂದೊಂದು ದಿನವೂ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ, ಅತ್ತು, ಕ್ಷಮಿಸು ಎಂದಾದರೂ ಅನ್ನುತ್ತಿದ್ದ. ಅವಳು ಬಾಯಿ ಮುಚ್ಚಿಕೊಂಡು ಹೋಗಿಬಿಟ್ಟಳು, ಉಳಿದವನು ಏಜೆಂಟನನ್ನು ಹುಡುಕಿದ.

“ಕೂತ್ಕೊಳ್ಳಿ ತಾಯಿ” ಎಂದ. ಹೊಸ ಅರ್ಜಿಯೊಂದನ್ನು ಎಳೆದುಕೊಂಡ. “ಹೊಸದಾಗಿ ಬರೆದುಕೊಡ್ತೀನಿ. ಐದೇ ನಿಮಿಷ.”

ಅವಳು ಆ ಅರ್ಜಿಯನ್ನು ಅವನ ಕೈಯಿಂದ ತೆಗೆದುಕೊಂಡಳು. “ಬೇಡ ಅಣ್ಣಾ. ನೀವು ಬರೆಯೋದು ಬೇಡ.” ಸಿಟ್ಟಿನಿಂದ ಅನ್ನಲಿಲ್ಲ, ಅಂಗಡಿಯಲ್ಲಿ ಕೊಳೆತ ಹಣ್ಣನ್ನು ಪಕ್ಕಕ್ಕಿಡುವವರ ಹಾಗೆ ಅಂದಳು. ನರ್ಸಮ್ಮನ ಮೇಜಿಗೆ ಹೋಗಿ ಕೂತಳು. ನರ್ಸಮ್ಮ ಇವನ ಕಡೆ ಒಮ್ಮೆ ನೋಡಿದಳು, ಏನಾಯಿತೆಂಬಂತೆ. ಇವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದ, ಮತ್ತೆ ಕೆದರಿ ಮತ್ತೆ ಜೋಡಿಸಿದ. ಅವಳು ಒಂದೊಂದು ಕಲಮಿಗೂ ಏನೋ ಕೇಳುತ್ತಿದ್ದಳು, ನರ್ಸಮ್ಮ ಕಾಗದ ತಿರುವಿ ತಿರುವಿ ಹೇಳುತ್ತಿದ್ದಳು. ಆಮೇಲೆ ಅವಳು ಕೌಂಟರಿಗೆ ಹೋಗಿ, ಗಂಡನ ಕೈಯಲ್ಲಿದ್ದ ಹಳೇ ಅರ್ಜಿ ಕಿತ್ತುಕೊಂಡು ಹೊಸದನ್ನು ಹಿಡಿಸಿದಳು. ಏಜೆಂಟ್ ನಗಲು ಹೋದ. ಅವಳು ಏನೋ ಹೇಳಿದಳು. ನಗು ಅರ್ಧಕ್ಕೆ ನಿಂತಿತು. ಈ ದೃಶ್ಯಕ್ಕಾಗಿ ಪ್ರೂಫ್‌ರೀಡರ್ ಎಷ್ಟು ರಾತ್ರಿ ಕಾದಿದ್ದ! ಈಗ ಕಣ್ಣೆದುರಿಗೇ ನಡೆಯುತ್ತಿದ್ದರೆ ಅದು ಯಾರದೋ ಮನೆಯ ವಿಷಯವಾಗಿತ್ತು.

ಹೊಸ ಅರ್ಜಿಗೆ ಸಹಿ ಬಿತ್ತು, ಒಳಗಿನ ಗುಮಾಸ್ತೆ ಮುದ್ರೆ ಒತ್ತಿದಳು. ಅವನು ತಲೆ ತಗ್ಗಿಸಿಕೊಂಡ. ಅವರು ಹೊರಟುಹೋಗಲಿ ಎಂದು ಎಣಿಸುತ್ತಿರುವಾಗಲೇ ಮೇಜಿನ ಮೇಲೆ ನೆರಳು ಬಿತ್ತು. ಈಗ ಬಂದೇಬಿಟ್ಟ, ಈಗ ಕೇಳುತ್ತಾನೆ, ಈಗ ನಾನೂ ಕೇಳುತ್ತೇನೆ ಎಂದು ಕತ್ತೆತ್ತಿದ. ಏಜೆಂಟ್ ಕಪ್ಪು ಕನ್ನಡಕ ತೆಗೆದಿದ್ದ. ಕಣ್ಣುಗಳು ಕೆಂಪಾಗಿ ನೀರಾಡುತ್ತಿದ್ದವು. ಎರಡೂ ಕೈ ಚಾಚಿ ಪ್ರೂಫ್‌ರೀಡರ್‌ನ ಬಲಗೈಯನ್ನು ಹಿಡಿದುಕೊಂಡ.

“ಸಾರ್, ಇವಳು ಎಲ್ಲಾ ಹೇಳಿದ್ಲು. ನೀವೇ ಕರೆದು, ಕೂರಿಸಿ, ಆ ಸಾಲಿನ ಅರ್ಥ ಬಿಡಿಸಿ ಹೇಳಿದ್ರಂತೆ. ಆ ಬೋರ್ಡು ಇದ್ರೂನೂ. ಎಂಥಾ ದಡ್ಡ ನಾನು! ಇವಳನ್ನ ಕೊಂದೇ ಬಿಡ್ತಿದ್ನಲ್ಲ ಸಾರ್.”

ಪ್ರೂಫ್‌ರೀಡರ್ ಅವನ ಭುಜದ ಆಚೆ ನೋಡಿದ. ಹೆಂಗಸು ಮೆಟ್ಟಿಲ ಬಳಿ ನಿಂತಿದ್ದಳು, ಚೀಲ ಎದೆಗೆ ಒತ್ತಿಕೊಂಡು, ಈ ಕಡೆ ನೋಡದೆ. ನಿಜವಾಗಿ ನಡೆದದ್ದನ್ನು ಹೇಳಿರಲಿಲ್ಲ ಅವಳು. ಅವನ ಹೆಂಡತಿಯ ಸಾವನ್ನೂ ಗಂಡನಿಗೆ ದಾಟಿಸಿರಲಿಲ್ಲ. ಅವನು ಈಗ ಹೇಳಬಹುದಿತ್ತು. ಐದು ವರ್ಷ ಉರು ಹೊಡೆದದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮೊದಲ ವಾಕ್ಯ ಎಲ್ಲಿಂದ ಶುರು ಮಾಡಿದರೂ ಅದು ಆ ಭಾನುವಾರಕ್ಕೇ ಬಂದು ಮುಟ್ಟುತ್ತಿತ್ತು. ಕೈ ಬಿಡಿಸಿಕೊಳ್ಳಲು ನೋಡಿದ. ಏಜೆಂಟ್ ಇನ್ನಷ್ಟು ಗಟ್ಟಿಯಾಗಿ ಹಿಡಿದ.

“ನಿಮ್ಮ ಮನೆಯೋರು ಪುಣ್ಯ ಮಾಡಿದಾರೆ ಸಾರ್. ಕೇಳಿದ್ದಕ್ಕೆ ತಾಳ್ಮೆಯಿಂದ ಅರ್ಥ ಹೇಳೋ ಗಂಡ ಎಷ್ಟು ಜನಕ್ಕೆ ಸಿಕ್ತಾನೆ? ಅಲ್ವಾ ಸಾರ್? ಅಲ್ವಾ?”

ಉತ್ತರಕ್ಕೆ ಕಾದು ನಿಂತ.

“ಹೌದು” ಎಂದ ಪ್ರೂಫ್‌ರೀಡರ್. ಅಷ್ಟು ಅಂದ ಮೇಲೆಯೇ ಏಜೆಂಟ್ ಕೈ ಬಿಟ್ಟ.